ಪಿನ್ನು ಕೂತರೆ ಸಾಲದು

ಮೊನ್ನೆ ಭಾನುವಾರ ಹಾಸನದಿಂದ ಭಾವ ವಾಟ್ಸಾಪ್‌ನಲ್ಲಿ ಫೋನ್ ಮಾಡಿದ್ದರು. "ನಿನ್ ಹತ್ರ ಇದ್ಯಲ್ಲೋ, ಕೈಲಿ ಹಿಡ್ಕೊಳ್ಳೋ ಸ್ಕ್ಯಾನರ್ರು, ಪೊಲೀಸ್‌ನೋರು ಮಾತಾಡೋದೆಲ್ಲ ಕೇಳ್ಸುತ್ತಂತಲ್ಲ. ಡಿಸೆಂಬರ್‌ಗೆ ಬರ್ತಾ ನಂಗೂ ಒಂದು ತಗೊಂಬಾ. ಸೆಲ್ ಹಾಕಿದ್ರೆ ಆಯ್ತು ತಾನೇ?"

ಸೆಲ್ ಹಾಕಿದರೆ ಆಯ್ತು ತಾನೇ ಅನ್ನುವ ಆ ಮಾತಿಗೇ ಈ ಉದ್ದದ ಪೋಸ್ಟು. ಸೆಲ್ ಹಾಕಿದರೆ ಆಗುವುದಿಲ್ಲ. ನಾನು ಹಾಕಿ, ಸುಟ್ಟು, ಕಲಿತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕ್ಯಾನರ್ ಅಂದರೆ ಕೇಳಲಿಕ್ಕೆ ಮಾತ್ರ ಬರುವ ರೇಡಿಯೊ. ವಾಕಿಟಾಕಿಯ ಹಾಗೆ ಮಾತಾಡಲು ಬಟನ್ ಇಲ್ಲ. ನಾವು ತುಂಬಿಸಿಟ್ಟ ಚಾನೆಲ್‌ಗಳ ಮೇಲೆ ಒಂದಾದ ಮೇಲೊಂದರಂತೆ ಓಡುತ್ತಾ ಹೋಗುತ್ತದೆ, ಎಲ್ಲಿ ಯಾರಾದರೂ ಮಾತಾಡುತ್ತಿದ್ದಾರೋ ಅಲ್ಲಿ ನಿಲ್ಲುತ್ತದೆ. ನಾನಿರುವುದು ಓಹಾಯೊದ ಡೇಟನ್ ಪಕ್ಕದ ಬೇವರ್‌ಕ್ರೀಕ್‌ನಲ್ಲಿ. ಇಲ್ಲಿ ನನ್ನ ಸ್ಕ್ಯಾನರ್‌ನಲ್ಲಿ ಕೇಳುವುದು ವಿಮಾನದವರ ಮಾತು, ಗೂಡ್ಸ್ ರೈಲಿನವರ ಮಾತು, ಹ್ಯಾಮ್‌ಗಳ (ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರ) ಹರಟೆ, ಎಲ್ಲಕ್ಕಿಂತ ಮುಖ್ಯವಾಗಿ ಸರ್ಕಾರದ ಹವಾಮಾನ ರೇಡಿಯೊ. ಪೊಲೀಸರ ಮಾತು? ಇಲ್ಲ ಭಾವ. ಇಲ್ಲಿನ ಪೊಲೀಸರು ಬಹುಪಾಲು ಡಿಜಿಟಲ್‌ಗೆ ಹೋಗಿ ಯಾವುದೋ ಕಾಲವಾಯಿತು. ನನ್ನದು ಹಳೇ ಅನಲಾಗ್ ಪೆಟ್ಟಿಗೆ, ಅದಕ್ಕೆ ಅದೆಲ್ಲ ಅರ್ಥವಾಗುವುದಿಲ್ಲ.

ನನ್ನ ಮೊದಲ ಸ್ಕ್ಯಾನರ್ ಕೊಂಡದ್ದು 2018ರ ಮೇ ತಿಂಗಳಲ್ಲಿ, ಇಲ್ಲಿಂದ ಹತ್ತಿರದ ಜೀನಿಯಾದಲ್ಲಿ. ಅಲ್ಲಿ ಪ್ರತಿ ಮೇ ತಿಂಗಳು ಹ್ಯಾಮ್‌ವೆನ್ಷನ್ ಅಂತ ಹ್ಯಾಮ್ ರೇಡಿಯೊದವರ ಜಾತ್ರೆ ನಡೆಯುತ್ತದೆ. ಜಾತ್ರೆ ಅನ್ನುವುದೇ ಸರಿಯಾದ ಪದ: ಬಯಲಿನಲ್ಲಿ ಸಾಲುಸಾಲು ಮೇಜು ಹಾಕಿ, ಹಳೇ ವಾಲ್ವ್, ತಂತಿ ಸುರುಳಿ, ಮುರಿದ ಮೀಟರ್ ಎಲ್ಲ ಹರವಿಕೊಂಡು ಕೂತಿರುತ್ತಾರೆ. 2016ರವರೆಗೆ ಇದು ಟ್ರಾಟ್‌ವುಡ್‌ನ ಹಾರಾ ಅರೀನಾದಲ್ಲಿ ನಡೆಯುತ್ತಿತ್ತು, ಆಮೇಲೆ ಜೀನಿಯಾಕ್ಕೆ ಬಂತು. ಒಬ್ಬ ಅಜ್ಜ 20 ಡಾಲರ್‌ಗೆ ಹಳೇ ಸ್ಕ್ಯಾನರ್ ಕೊಟ್ಟರು. ಅಡಾಪ್ಟರ್ ಇಲ್ಲ, ಪುಸ್ತಕ ಇಲ್ಲ. ಯಾವ ಕಂಪನಿಯದು ಅಂತ ಹೇಳಲಾರೆ, ಯಾಕೆಂದರೆ ಮುಂದೆ ಆದದ್ದರಲ್ಲಿ ತಪ್ಪು ನೂರಕ್ಕೆ ನೂರು ನನ್ನದು.

ನಮ್ಮೆಲ್ಲರ ಮನೆಯಲ್ಲೂ ಒಂದು ಡ್ರಾಯರ್ ಇರುತ್ತದಲ್ಲ, ಯಾವುದರದ್ದು ಅಂತ ಯಾರಿಗೂ ನೆನಪಿಲ್ಲದ ಅಡಾಪ್ಟರ್‌ಗಳು ಹಾವಿನ ಮರಿಗಳ ಹಾಗೆ ಸುತ್ತಿಕೊಂಡು ಬಿದ್ದಿರುವಂಥದ್ದು. ಅದರಿಂದ ಒಂದನ್ನು ಎಳೆದು ಚುಚ್ಚಿದೆ. ಟಕ್ ಅಂತ ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ ಅದಕ್ಕೇ ಮಾಡಿದ್ದು ಅನ್ನುವ ಹಾಗೆ. ಒಂದೆರಡು ಸೆಕೆಂಡಿಗೆ ಸುಟ್ಟ ವಾಸನೆ. ಅಡುಗೆಮನೆಯಿಂದ ನನ್ನ ಹೆಂಡತಿ, "ರೀ, ಏನೋ ಸೀಯ್ತಿದೆ" ಅಂದಳು.

ಮಾರನೇ ದಿನ ಭೂತಗನ್ನಡಿ ಹಿಡಿದು ನೋಡಿದರೆ ಸ್ಕ್ಯಾನರ್‌ನ ಪಕ್ಕದಲ್ಲೇ ಇದೆ ಆ ಚಿತ್ರ. ನಡುವೆ ಒಂದು ಚುಕ್ಕೆ, ಸುತ್ತ ಅರ್ಧ ಬಳೆ, ಒಂದರಿಂದ ಪ್ಲಸ್ಸಿಗೆ ಗೆರೆ, ಇನ್ನೊಂದರಿಂದ ಮೈನಸ್ಸಿಗೆ. ಪಿನ್ನಿನ ಒಳಗಿನ ತೂತು ಪ್ಲಸ್ಸೋ, ಹೊರಗಿನ ಮೈ ಪ್ಲಸ್ಸೋ ಅಂತ ಹೇಳುವ ಗುರುತು ಅದು. ಈಗಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ನಡುವಿನದು ಪ್ಲಸ್ಸು. ನನ್ನ ಸ್ಕ್ಯಾನರ್ ಬೇಡಿದ್ದು ನಡುವೆ ಮೈನಸ್ಸು. ಅದು ಬೇಡಿದ್ದು 9 ವೋಲ್ಟು, ನಾನು ಕೊಟ್ಟದ್ದು ಹಳೇ ರೂಟರ್‌ನ 12. ತಲೆಕೆಳಗೆ, ಮೇಲಿಂದ ಹೆಚ್ಚು. ಇಲ್ಲಿನ ಹ್ಯಾಮ್ ಗೆಳೆಯರೊಬ್ಬರು ಬಿಚ್ಚಿ ನೋಡಿ, ಒಳಗಿದ್ದ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ತಾನು ಸತ್ತು ಉಳಿದದ್ದನ್ನೆಲ್ಲ ಉಳಿಸಿದೆ ಅಂದರು. ಕಡಲೆಕಾಳಿಗಿಂತ ಚಿಕ್ಕದು. ಹೊಸದು ಬೆಸುಗೆ ಹಾಕಿದ ಮೇಲೆ ರೇಡಿಯೊ ಬದುಕಿತು. ಎಲ್ಲದರಲ್ಲೂ ಆ ಡಯೋಡ್ ಇರುತ್ತದೆ ಅಂತ ನಂಬಬೇಡಿ.

ಪಿನ್ನಿನ ಗಾತ್ರಕ್ಕೂ ಕರೆಂಟಿನ ಗಾತ್ರಕ್ಕೂ ಸಂಬಂಧವೇ ಇಲ್ಲ. ಅಡಾಪ್ಟರ್ ಹುಡುಕುವಾಗ ವೋಲ್ಟು ಸರಿಯಾಗಿ ಅಷ್ಟೇ ಇರಬೇಕು, ಮಿಲಿಆಂಪ್ ಬರೆದದ್ದಕ್ಕಿಂತ ಹೆಚ್ಚಿದ್ದರೆ ತೊಂದರೆ ಇಲ್ಲ. ಜನ ಇದನ್ನು ಉಲ್ಟಾ ತಿಳಿಯುತ್ತಾರೆ. ಓವರ್‌ಹೆಡ್ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅನ್ನುವುದು ವೋಲ್ಟು, ಟ್ಯಾಂಕಿನಿಂದ ಎಷ್ಟು ನೀರು ಬಿಡಬಹುದು ಅನ್ನುವುದು ಆಂಪು. ಟ್ಯಾಂಕ್ ದೊಡ್ಡದಿದ್ದರೆ ನಲ್ಲಿ ಕುಡಿಯುವಷ್ಟೇ ಕುಡಿಯುತ್ತದೆ, ಆದರೆ ಟ್ಯಾಂಕನ್ನು ಹತ್ತನೇ ಮಹಡಿಗೆ ಏರಿಸಿದರೆ ನಲ್ಲಿ ಕಿತ್ತು ಬರುತ್ತದೆ. ಇನ್ನೊಂದು ಮೋಸ ಹಳೇ ಕಾಲದ ಭಾರವಾದ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್‌ಗಳದ್ದು. 9 ಅಂತ ಬರೆದಿರುತ್ತದೆ, ಯಾವುದಕ್ಕೂ ಚುಚ್ಚದೆ ಹಾಗೇ ಮೀಟರ್ ಹಿಡಿದರೆ 12 ದಾಟಿರುತ್ತದೆ. ಮನೆಯಲ್ಲೊಂದು ವೋಲ್ಟು ಅಳೆಯುವ ಮಲ್ಟಿಮೀಟರ್ ಇರಲಿ ಅನ್ನುವುದು ಅದಕ್ಕೇ. ಒಂದು ಸಿನಿಮಾ ಟಿಕೆಟ್ಟಿನ ದುಡ್ಡು.

ಇನ್ನು ಸೆಲ್ಲು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದು ರೇಡಿಯೊ ಸುಡುವ ವಿಷಯ ಮಾತ್ರ ಅಲ್ಲ, ಕೈ ಸುಡುವ ವಿಷಯ.

ಈಗ ನಾನು ಬಳಸುವುದು ಯೂನಿಡೆನ್‌ನ ಬಿಸಿ125ಎಟಿ. ಎರಡು ಎಎ ಸೆಲ್, 500 ಚಾನೆಲ್. ಸೆಲ್ ಹಾಕುವ ಗೂಡಿನೊಳಗೆ ಒಂದು ಪುಟ್ಟ ಸ್ವಿಚ್ ಇದೆ: ಒಂದು ಕಡೆ ಆಲ್ಕಲೈನ್, ಇನ್ನೊಂದು ಕಡೆ ನಿಕಲ್ ಮೆಟಲ್ ಹೈಡ್ರೈಡ್, ಅಂದರೆ ನಾವು ಚಾರ್ಜಬಲ್ ಅನ್ನುತ್ತೇವಲ್ಲ ಅದು. ಯುಎಸ್‌ಬಿ ಕೇಬಲ್ ಚುಚ್ಚಿದಾಗ ಒಳಗಿನ ಸೆಲ್‌ಗೆ ಚಾರ್ಜ್ ಕೊಡಬೇಕೋ ಬೇಡವೋ ಅಂತ ರೇಡಿಯೊಗೆ ಹೇಳುವುದು ಆ ಸ್ವಿಚ್ ಒಂದೇ. ಒಳಗೆ ಕೂತಿರುವುದು ಯಾವ ಸೆಲ್ ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಸ್ವಿಚ್ ಚಾರ್ಜಬಲ್ ಕಡೆಗಿದ್ದು, ಒಳಗೆ ಅಂಗಡಿಯ ಮಾಮೂಲಿ ಆಲ್ಕಲೈನ್ ಸೆಲ್ ಇದ್ದು, ನೀವು ಕೇಬಲ್ ಚುಚ್ಚಿ ಮಲಗಿದಿರಿ ಅಂದುಕೊಳ್ಳಿ. ಒಳಗೆ ಗ್ಯಾಸ್ ಹುಟ್ಟಿ, ಒತ್ತಡಕ್ಕೆ ಸೀಲ್ ಬಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಗೆ ಬರುತ್ತದೆ. ಕೆಟ್ಟ ಕ್ಷಾರ ಅದು. ಚರ್ಮಕ್ಕೆ ಕೆಟ್ಟದ್ದು, ಕಣ್ಣಿಗೆ ಇನ್ನೂ ಕೆಟ್ಟದ್ದು. ಸೆಲ್ ಸಿಡಿಯುವುದೂ ಉಂಟು. ಸೆಲ್ಲಿನ ಮೈಮೇಲೇ ಚಾರ್ಜ್ ಮಾಡಬೇಡಿ ಅಂತ ಬರೆದಿರುತ್ತದೆ, ಇರುವೆ ಗಾತ್ರದ ಅಕ್ಷರದಲ್ಲಿ.

ನಮ್ಮಪ್ಪ ರೇಡಿಯೊದ ಸೆಲ್ಲು ವೀಕ್ ಆದಾಗ ತೆಗೆದು ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಸಂಜೆ ವಾರ್ತೆಗೆ ಇನ್ನರ್ಧ ಗಂಟೆ ಎಳೆಯುತ್ತಿತ್ತು. ಅದು ಬಿಸಿಗೆ ಸ್ವಲ್ಪ ಚುರುಕಾಗುತ್ತಿತ್ತೇ ಹೊರತು ಚಾರ್ಜ್ ಆಗುತ್ತಿರಲಿಲ್ಲ. ಆ ನಂಬಿಕೆಯಲ್ಲಿ ಬೆಳೆದ ನಾವು ಯಾವ ಸೆಲ್ಲಿಗಾದರೂ ಮರುಜೀವ ಕೊಡಬಹುದು ಅಂದುಕೊಂಡಿದ್ದೇವೆ. (ನಮ್ಮೂರಲ್ಲಿ ಬ್ಯಾಟ್ರಿ ಅಂದರೆ ಟಾರ್ಚು, ಸೆಲ್ಲು ಅಂದರೇ ಬ್ಯಾಟರಿ. ಭಾವ ಈಗಲೂ ಹಾಗೇ ಅನ್ನುತ್ತಾರೆ.)

ಸೋರಿದ ಸೆಲ್ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಆಲ್ಕಲೈನ್‌ನ ಬಿಳಿ ಪುಡಿಯನ್ನು ಹತ್ತಿಬತ್ತಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ತಾಗಿಸಿ ಒರೆಸಿದರೆ ಕ್ಷಾರ ತಣಿಯುತ್ತದೆ. ಆಮೇಲೆ ಸ್ವಲ್ಪ ನೀರಿನ ಒದ್ದೆ, ಚೆನ್ನಾಗಿ ಒಣಗಿಸುವುದು. ಹಳತು ಹೊಸತು ಸೇರಿಸಿ ಹಾಕಬೇಡಿ. ಹೊಸ ಸೆಲ್ಲು ಹಳೆಯದನ್ನು ಖಾಲಿಯಾದ ಮೇಲೂ ಒದ್ದು ಓಡಿಸುತ್ತದೆ, ಸೋರುವುದು ಆಗಲೇ.

ಈಗ ಆನ್‌ಲೈನ್‌ನಲ್ಲಿ ಎಎ ಸೆಲ್ಲಿನ ಗಾತ್ರದ್ದೇ ಲಿಥಿಯಂ ಸೆಲ್ ಸಿಗುತ್ತದೆ, 14500 ಅಂತ ಹೆಸರು. ನೋಡಲು ಅಣ್ಣತಮ್ಮ. ಎಎ ಒಂದೂವರೆ ವೋಲ್ಟು, ಇದು 3.7. ಎರಡು ಹಾಕಿದರೆ 3 ವೋಲ್ಟು ಕೇಳುವ ರೇಡಿಯೊಗೆ ಏಳೂ ಚಿಲ್ಲರೆ ವೋಲ್ಟು. ಮತ್ತೆ ಅದೇ ಕಥೆ: ಕೂತಿತು ಅಂದ ಮಾತ್ರಕ್ಕೆ ಹೊಂದಿತು ಅಂತ ಅಲ್ಲ.

ಇಷ್ಟೆಲ್ಲ ಸೆಲ್ಲಿನ ಮೇಲೆ ಯಾಕೆ ಕೂತಿದ್ದೇನೆ ಅಂದರೆ 2019ರ ಮೇ 27. ಮೆಮೊರಿಯಲ್ ಡೇ, ರಜೆ. ಆ ಒಂದು ರಾತ್ರಿ ಡೇಟನ್ ಸುತ್ತಲಿನ ನಮ್ಮ ಮಯಾಮಿ ಕಣಿವೆಯಲ್ಲಿ 15 ಸುಂಟರಗಾಳಿ ಎದ್ದವು. ಅದರಲ್ಲಿ ಒಂದು ಇಎಫ್4 ದರ್ಜೆಯದು (ಸುಂಟರಗಾಳಿಯ ಜೋರನ್ನು 0ಯಿಂದ 5ರವರೆಗೆ ಅಳೆಯುತ್ತಾರೆ) ಟ್ರಾಟ್‌ವುಡ್, ಡೇಟನ್ ಎಲ್ಲ ಹಾದು ಹೋಯಿತು. ಜಾತ್ರೆ ನಡೆಯುತ್ತಿದ್ದ ಹಾರಾ ಅರೀನಾ ಅದರ ಬಾಯಿಗೇ ಸಿಕ್ಕಿತು. ನಮ್ಮ ಬೇವರ್‌ಕ್ರೀಕ್‌ಗೆ ಬೇರೆಯದೇ ಒಂದು ಬಂತು. ನಮ್ಮ ಬೀದಿ ತಪ್ಪಿಸಿಕೊಂಡಿತು, ಕರೆಂಟ್ ಮಾತ್ರ ಹೋಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇಸ್‌ಮೆಂಟಿಗೆ ಇಳಿದು ಸ್ಕ್ಯಾನರ್ ಆನ್ ಮಾಡಿದರೆ, ಹವಾಮಾನ ರೇಡಿಯೊ ಹತ್ತು ನಿಮಿಷ ಮಾತಾಡಿ ಆರಿಹೋಯಿತು. ಹಿಂದಿನ ವಾರ ಮಗ ಆಟಿಕೆಗೆ ಅಂತ ಒಂದು ಸೆಲ್ ತೆಗೆದು, ಯಾವುದೋ ಹಳೇದನ್ನು ಒಳಗೆ ತುರುಕಿದ್ದ. ಚಾರ್ಜ್ ಮಾಡೋಣ ಅಂದರೆ ಕರೆಂಟ್ ಇಲ್ಲ. ಕತ್ತಲಲ್ಲಿ ನಾನು ಮೊಬೈಲ್ ಬೆಳಕಿನಲ್ಲಿ ಟಿವಿ ರಿಮೋಟ್ ಬಿಚ್ಚಿ ಅದರ ಸೆಲ್ ತೆಗೆಯಲು ಹೋದರೆ ಅದು ಎಎಎ.

ಗಾಳಿಮಳೆ ಬಂದಾಗಲೇ ರೇಡಿಯೊ ಬೇಕಾಗುವುದು, ಗಾಳಿಮಳೆ ಬಂದಾಗಲೇ ಕರೆಂಟ್ ಹೋಗುವುದು. ಮೊಬೈಲ್‌ಗೂ ಎಚ್ಚರಿಕೆ ಬರುತ್ತದೆ ನಿಜ, ಆದರೆ ಟವರ್‌ಗೂ ಕರೆಂಟ್ ಬೇಕು. ಹವಾಮಾನ ರೇಡಿಯೊದ ಏಳು ಫ್ರೀಕ್ವೆನ್ಸಿಗಳೂ 162.400ರಿಂದ 162.550 ಮೆಗಾಹರ್ಟ್ಸ್‌ನೊಳಗಿವೆ, ನಮಗೆ ಹತ್ತಿರದ್ದು ಯಾವುದು ಅಂತ ಬಿಸಿಲಿರುವ ದಿನವೇ ನೋಡಿಟ್ಟುಕೊಂಡಿರಬೇಕು. ಈಗ ನಮ್ಮ ಬೇಸ್‌ಮೆಂಟಿನಲ್ಲಿ ಒಂದು ಡಬ್ಬಿ ಇದೆ. ಪ್ಯಾಕೆಟ್ ಒಡೆಯದ ನಾಲ್ಕು ಆಲ್ಕಲೈನ್ ಸೆಲ್, ಮೇಲೆ ಮಗನೇ ಬರೆದ ಚೀಟಿ: "ಮುಟ್ಟಬೇಡ. ನನಗೂ ಸೇರಿ." ಸೆಲ್ ಬದಲಿಸುವಾಗ ಸ್ವಿಚ್ಚೂ ಬದಲಿಸಬೇಕು ಅಂತ ಕೆಳಗೆ ನಾನು ಸೇರಿಸಿದೆ.

ಆಂಟೆನಾ ವಿಷಯ ಒಂದಿದೆ. ಜೊತೆಗೆ ಬರುವ ರಬ್ಬರ್ ಕೋಲು ಸಾಲದು ಅನ್ನಿಸಿ ಎಲ್ಲರೂ ಒಂದು ದಿನ ಚಾವಣಿ ನೋಡುತ್ತಾರೆ. ಏರಿಸಿ, ಆದರೆ ಕಂಬ ಮಗುಚಿ ಬಿದ್ದರೂ ಕರೆಂಟ್ ತಂತಿಗೆ ತಾಗದಷ್ಟು ದೂರದಲ್ಲಿರಲಿ, ಅರ್ಥಿಂಗ್ ಇರಲಿ. ಗುಡುಗು ಕೇಳಿಸುವ ಮೊದಲೇ ಕೇಬಲ್ ಕಳಚಿ. ಗುಡುಗು ಶುರುವಾದ ಮೇಲೆ ಕಳಚಲು ಹೋಗುವವನು ನನಗಿಂತ ದಡ್ಡ. ಬಿರುಗಾಳಿಯ ರಾತ್ರಿ ರಬ್ಬರ್ ಕೋಲು, ಸೆಲ್ಲು, ಬೇಸ್‌ಮೆಂಟು, ಅಷ್ಟೇ.

ಯಾರೂ ಮಾತಾಡದಾಗಿನ ಬರೀ ಸದ್ದನ್ನು ಮುಚ್ಚುವ ಸ್ಕ್ವೆಲ್ಚ್ ಅನ್ನುವ ತಿರುಗಣೆ ಹೊಸಬರನ್ನು ಬಹಳ ಕಾಡುತ್ತದೆ. ಪೂರ್ತಿ ಬಿಟ್ಟರೆ ಜೋರು ಮಳೆಯ ಹಾಗೆ ಸದ್ದು. ನಿಧಾನ ಬಿಗಿ ಮಾಡುತ್ತಾ ಬನ್ನಿ, ಸದ್ದು ನಿಂತ ಕ್ಷಣ ಕೈ ತೆಗೆಯಿರಿ. ಇನ್ನೂ ಬಿಗಿ ಮಾಡಿದರೆ ದೂರದ ಸಣ್ಣ ದನಿಗಳೆಲ್ಲ ಸಾಯುತ್ತವೆ. ಹೀಗೆ ಹೊಂದಿಸುವಾಗ ಕಿವಿಗೆ ಇಯರ್‌ಫೋನ್ ಬೇಡ. ಒಂದು ಚಾನೆಲ್ ಪಿಸುಗುಟ್ಟಿದರೆ ಮುಂದಿನದು ಕಿರುಚುತ್ತದೆ. ಚಾರ್ಜರ್ ಚುಚ್ಚಿದಾಗ ಮಾತ್ರ ಸ್ಕ್ಯಾನರ್ ಖಾಲಿ ಚಾನೆಲ್‌ಗಳಲ್ಲಿ ನಿಲ್ಲುತ್ತಿದ್ದರೆ ರೇಡಿಯೊ ಕೆಟ್ಟಿಲ್ಲ, ಅಗ್ಗದ ಚಾರ್ಜರ್ ತಾನೇ ಗಲಾಟೆ ಮಾಡುತ್ತಿದೆ. ಕಿತ್ತು ನೋಡಿ.

ಭಾವನ ಪ್ರಶ್ನೆಗೆ ಬರುತ್ತೇನೆ. ಓಹಾಯೊದಲ್ಲಿ ಮನೆಯೊಳಗೆ ಕೂತು ಕೇಳುವುದಕ್ಕೆ ಅಡ್ಡಿಯಿಲ್ಲ. ಆದರೆ ಇಲ್ಲಿಂದ ಒಂದು ಗಂಟೆ ಪಶ್ಚಿಮಕ್ಕೆ ಹೋದರೆ ಇಂಡಿಯಾನಾ, ಸಿನ್ಸಿನಾಟಿಯ ಸೇತುವೆ ದಾಟಿದರೆ ಕೆಂಟಕಿ. ಎರಡೂ ಕಡೆ ಪೊಲೀಸ್ ಫ್ರೀಕ್ವೆನ್ಸಿ ಹಿಡಿಯುವ ಸೆಟ್ಟನ್ನು ಕಾರಲ್ಲಿ ಇಟ್ಟುಕೊಂಡು ಓಡಾಡುವುದಕ್ಕೆ ಕಾನೂನಿನ ತಡೆ ಇದೆ. ಹ್ಯಾಮ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ. ಅಮೆರಿಕದಲ್ಲೇ ಹೀಗೆ. ಭಾರತದಲ್ಲಂತೂ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದ ಇಂಥ ಸೆಟ್ಟು ಸುಮ್ಮನೆ ಹತ್ತಿರ ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕು. 2023ರ ಹೊಸ ಟೆಲಿಕಾಂ ಕಾಯ್ದೆಯೂ ರೇಡಿಯೊ ಉಪಕರಣ ಹೊಂದಲು ಅನುಮತಿ ಕೇಳುತ್ತದೆ. ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರ ಎದುರು "ಇದು ಬರೀ ಕೇಳೋ ರೇಡಿಯೊ ಸರ್" ಅಂತ ವಾದಿಸುವ ಆಸೆ ನನಗಿಲ್ಲ. ಅಷ್ಟು ಆಸಕ್ತಿ ಇದ್ದರೆ ಪರೀಕ್ಷೆ ಬರೆದು ಹ್ಯಾಮ್ ಆಗಿ ಭಾವ, ಬೆಂಗಳೂರಿನಲ್ಲಿ ಹೇಳಿಕೊಡುವ ಕ್ಲಬ್ಬುಗಳಿವೆ ಅಂದೆ. "ಈ ವಯಸ್ಸಲ್ಲಿ ಪರೀಕ್ಷೆನಾ!" ಅಂತ ಫೋನಿಟ್ಟರು.

ಹಿಂದೊಮ್ಮೆ ಅವರಿಗೇ ಇಲ್ಲಿಂದ ಒಂದು ಕ್ಲಾಕ್ ರೇಡಿಯೊ ಒಯ್ದಿದ್ದೆ. ಇಲ್ಲಿನ 120 ವೋಲ್ಟಿನದು, ನಮ್ಮ 230ಕ್ಕೆ ಸುಡುತ್ತದೆ ಅಂತ ಬುದ್ಧಿವಂತಿಕೆಯಿಂದ ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಕೂಡ ಕೊಂಡೊಯ್ದೆ. ಸುಡಲಿಲ್ಲ. ಆದರೆ ಗಡಿಯಾರ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳತೊಡಗಿತು. ಇಲ್ಲಿನ ಕರೆಂಟು ಸೆಕೆಂಡಿಗೆ 60 ಸಲ ಮಿಡಿಯುತ್ತದೆ, ಅಲ್ಲಿಯದು 50, ಆ ಗಡಿಯಾರ ಅದನ್ನೇ ಎಣಿಸುತ್ತಿತ್ತು. ಭಾವ ಅದನ್ನು ಇಂದಿಗೂ "ಅಮೆರಿಕ ಟೈಮ್" ಅನ್ನುತ್ತಾರೆ.

ನಿನ್ನೆ ಮತ್ತೆ ಫೋನ್ ಬಂತು. ಸ್ಕ್ಯಾನರ್ ಬೇಡವಂತೆ, ಟಾರ್ಚಿಗೆ ಚಾರ್ಜಬಲ್ ಸೆಲ್ಲು, ಅದರ ಚಾರ್ಜರ್ ಸಾಕಂತೆ. ತಂದು ಮೇಜಿನ ಮೇಲಿಟ್ಟಿದ್ದೇನೆ. ಹಿಂದೆ 100-240 ವೋಲ್ಟ್, 50/60 ಹರ್ಟ್ಸ್ ಅಂತ ಇದೆಯಾ ಅಂತ ಭೂತಗನ್ನಡಿ ಹಿಡಿದು ಎರಡು ಸಲ ನೋಡಿದೆ. ಇದೆ.