ಓಬರ್ಲಿನ್ ಮ್ಯೂಸಿಯಂ ಇರುವುದು ಅಮೆರಿಕದಲ್ಲಲ್ಲ: ಒಂದು ಸ್ಪಷ್ಟನೆ

‘ಪುಟ್ಟ ಮಕ್ಕಳ ಶಾಲೆಗೆ ದಾರಿ ತೋರಿದ ಪಾದ್ರಿ ಓಬರ್ಲಿನ್ ಅಮೆರಿಕದವರು, ಒಹಾಯೋದ ಓಬರ್ಲಿನ್ ಕಾಲೇಜು ಕಟ್ಟಿದವರೂ ಅವರೇ, ಅವರ ಮ್ಯೂಸಿಯಂ ಅಲ್ಲೇ ಇದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಜಾನ್ ಫ್ರೆಡರಿಕ್ ಓಬರ್ಲಿನ್ 1740ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದರು. 1767ರಿಂದ 1826ರಲ್ಲಿ ತೀರಿಕೊಳ್ಳುವವರೆಗೂ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ವಾಲ್ಡರ್ಸ್‌ಬಾಕ್ ಎಂಬ ಬೆಟ್ಟದ ಹಳ್ಳಿಯಲ್ಲೇ ಪಾದ್ರಿಯಾಗಿದ್ದರು. ಮ್ಯೂಸಿಯಂ ಇರುವುದೂ ಆ ಹಳ್ಳಿಯಲ್ಲೇ, ಅವರು ವಾಸವಿದ್ದ ಪಾದ್ರಿಮನೆಯಲ್ಲಿ. ಓಬರ್ಲಿನ್ ಕಾಲೇಜು ಶುರುವಾಗಿದ್ದು 1833ರಲ್ಲಿ, ಅಂದರೆ ಅವರು ತೀರಿಕೊಂಡು ಏಳು ವರ್ಷಗಳ ಮೇಲೆ. ಅವರ ಮೇಲಿನ ಗೌರವಕ್ಕೆ ಆ ಹೆಸರಿಟ್ಟರು, ಅಷ್ಟೇ.

‘ಪುಟ್ಟ ಮಕ್ಕಳ ಶಾಲೆಯ ಕೆಲಸವನ್ನೆಲ್ಲ ಓಬರ್ಲಿನ್ ಒಬ್ಬರೇ ಮಾಡಿದರು’ ಎಂದು ಅದೇ ಸಂದೇಶದಲ್ಲಿರುವ ಮಾತೂ ಸರಿಯಲ್ಲ. ನನಗೆ ಜಾಸ್ತಿ ಬೇಸರ ತರಿಸಿದ್ದು ಇದೇ. ಹಳ್ಳಿಯ ಮಕ್ಕಳನ್ನು ಕೂರಿಸಿಕೊಂಡು ಹೆಣಿಗೆ ಕಲಿಸಲು ಮೊದಲು ಮುಂದಾದವಳು ಸಾರಾ ಬಾಂಜೆ ಎಂಬ ಹುಡುಗಿ. ಓಬರ್ಲಿನ್ ಮತ್ತು ಅವರ ಹೆಂಡತಿ ಅದಕ್ಕೆ ಬೆಂಬಲ ಕೊಟ್ಟು ಬೇರೆ ಹಳ್ಳಿಗಳಿಗೂ ಹರಡಿದರು. ಬೆಚ್ಚಗಿನ ಕೋಣೆಯಲ್ಲಿ ಮಕ್ಕಳು ಹೆಣಿಗೆ ಹಾಕುತ್ತಾ ಹಾಡು, ಬೈಬಲ್ ಕಥೆ, ಗಿಡಮರಗಳ ಹೆಸರು, ಫ್ರೆಂಚ್ ಮಾತು ಕಲಿಯುತ್ತಿದ್ದರು. ಮುಂದೆ ಪಾದ್ರಿಮನೆಯಲ್ಲಿ ಕೆಲಸಕ್ಕಿದ್ದ ಲೂಯಿಸ್ ಶೆಪ್ಲರ್ ಎಂಬಾಕೆ ದಶಕಗಳ ಕಾಲ ಈ ಕೆಲಸ ನಡೆಸಿದರು. 1829ರಲ್ಲಿ ಫ್ರೆಂಚ್ ಅಕಾಡೆಮಿ ಅವರಿಗೆ ಒಳ್ಳೆಯ ಕೆಲಸ ಮಾಡಿದವರಿಗೆ ಸಲ್ಲುವ ಮೊಂಟಿಯೋಂ ಪ್ರಶಸ್ತಿ ಕೊಟ್ಟಿತು. ಇಂಥ ಹೆಣ್ಣುಮಕ್ಕಳ ಹೆಸರನ್ನು ಸುಮ್ನೆ ಬಿಟ್ಟುಬಿಡುವುದು ನ್ಯಾಯವಲ್ಲ, ಅಲ್ವಾ?

ಶಿಶುವಿಹಾರದ ಹರಿಕಾರ ಎಂದು ಹೆಸರಾದ ಶಿಕ್ಷಣತಜ್ಞ ಫ್ರೋಬೆಲ್ ಜರ್ಮನಿಯಲ್ಲಿ ಅದನ್ನು ತೆರೆದದ್ದು 1837ರಲ್ಲಿ. ವಾಲ್ಡರ್ಸ್‌ಬಾಕ್ ಸುತ್ತಮುತ್ತಲಿನ ಈ ಕೆಲಸ ಅದಕ್ಕಿಂತ ಅರವತ್ತಕ್ಕೂ ಹೆಚ್ಚು ವರ್ಷ ಹಳೆಯದು. ಸಂದೇಶ ಹಂಚಿದವರು ದಯವಿಟ್ಟು ಇದನ್ನೂ ಹಂಚಿ.