ತೋಳಕ್ಕೆ ಈಗ ರೇಟ್ ಎಷ್ಟು?

ಭಾನುವಾರ ಬೆಳಿಗ್ಗೆ ನಾನು ನ್ಯೂಜೆರ್ಸಿಯಿಂದ ಮನೆಗೆ ಫೋನ್ ಮಾಡುವಾಗ ಪುತ್ತೂರಿನ ಕಡೆ ದೀಪ ಹಚ್ಚುವ ಹೊತ್ತು. ಅಪ್ಪ ಮೊದಲು ಮಳೆಯ ಸುದ್ದಿ ಹೇಳುತ್ತಾರೆ. ಆಮೇಲೆ ಅಡಿಕೆ ರೇಟು. ಹೊಸತಕ್ಕೆ ಇಷ್ಟು, ಹಳತಕ್ಕೆ ಇಷ್ಟು, ಇನ್ನೂ ಹಳತಾದ ಡಬ್ಬಲ್ ಚೋಲ್‌ಗೆ ಇಷ್ಟು. ನಮ್ಮೆಲ್ಲರ ಆರೋಗ್ಯದ ವಿಚಾರ ಬರುವುದು ಅದಾದ ಮೇಲೆ. ಅಟ್ಟದಲ್ಲಿ ಎಷ್ಟು ಮೂಟೆ ಉಳಿದಿದೆ ಅಂತ ಅವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ, ನಮ್ಮ ಕಡೆ ಅದು ಫೋನಿನಲ್ಲಿ ಮಾತಾಡುವ ವಿಷಯವೇ ಅಲ್ಲ. ಆದರೆ ಕೊನೆಗೆ ಒಂದು ಮಾತು ಇದ್ದೇ ಇರುತ್ತದೆ: "ಕೊಡುವುದಾ, ಇನ್ನೂ ಸ್ವಲ್ಪ ಕಾಯುವುದಾ?"

ಇದಕ್ಕೆ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ. ನನ್ನ ಕಪಾಟಿನಲ್ಲಿ ಒಂದು ತೋಳ ಇದೆ. ಒಳ್ಳೆ ರೇಟು ಬರಲಿ ಅಂತ ನಾನೂ ಅದನ್ನು ಏಳು ವರ್ಷ ಇಟ್ಟುಕೊಂಡವನು.

ತೋಳ ಅಂದರೆ ಗೇಣುದ್ದವೂ ಇಲ್ಲದ ಪ್ಲಾಸ್ಟಿಕ್ ಗೊಂಬೆ. ವಿಡಿಯೋ ಗೇಮ್ ಮಾಡುವ ನಿಂಟೆಂಡೊ ಕಂಪನಿ 2014ರ ನವೆಂಬರಿನಲ್ಲಿ ಅಮೀಬೊ ಅಂತ ಒಂದು ಜಾತಿಯ ಗೊಂಬೆಗಳನ್ನು ಬಿಟ್ಟಿತು. ಆಗ ಅಮೆರಿಕದಲ್ಲಿ ಒಂದಕ್ಕೆ 12.99 ಡಾಲರ್. ನೋಡಲು ಶೋಕೇಸಿನ ಗೊಂಬೆಯ ಹಾಗೇ, ಆದರೆ ಕಾಲಡಿಯ ದುಂಡನೆಯ ಪೀಠದಲ್ಲಿ ಒಂದು ಚಿಪ್ ಇದೆ. ಮೆಟ್ರೋ ಕಾರ್ಡನ್ನು ಗೇಟಿಗೆ ತೋರಿಸುತ್ತೇವಲ್ಲ, ಹಾಗೆ ಪೀಠವನ್ನು ಕಂಟ್ರೋಲರಿಗೆ ಮುಟ್ಟಿಸಿದರೆ ಆಟದೊಳಗೆ ಏನಾದರೂ ಸಿಗುತ್ತದೆ. ಒಂದು ಅಂಗಿ, ಒಂದು ಕತ್ತಿ, ಒಂದು ಕುದುರೆ. ಆ ಚಿಪ್ಪಿನ ಒಟ್ಟು ಜಾಗ 540 ಬೈಟ್. ಕಂಪ್ಯೂಟರಿನಲ್ಲಿ ಕನ್ನಡದ ಒಂದು ಅಕ್ಷರಕ್ಕೇ 3 ಬೈಟ್ ಬೇಕು, ಅದರ ಮೇಲಿನ ಗುಣಿತಕ್ಕೆ ಬೇರೆ 3, ಒತ್ತು ಬಂದರೆ ಇನ್ನಷ್ಟು. ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ, ಅಷ್ಟು ಪುಟ್ಟದು.

ಹಾಗಾಗಿ ಕುದುರೆ, ಕತ್ತಿ ಎಲ್ಲ ಗೊಂಬೆಯೊಳಗೆ ಕೂತಿಲ್ಲ. ಗೊಂಬೆಯಲ್ಲಿರುವುದು ತಾನು ಯಾರು ಅನ್ನುವ ನಂಬರು, ಜೊತೆಗೆ ಚೂರು ನೆನಪು. "ನಾನು ತೋಳ" ಅಂತ ಅದು ಹೇಳುತ್ತದೆ. "ಹೌದಾ, ಹಾಗಾದ್ರೆ ತಗೋ" ಅಂತ ಕೊಡಬೇಕಾದದ್ದು ಆಟ. ಇಂದು ಕುದುರೆ ಕೊಟ್ಟ ಆಟ ನಾಳೆ ಹುಲ್ಲುಕಡ್ಡಿ ಕೊಡಬಹುದು. ಇಲ್ಲಿಯವರೆಗೆ ಏನೂ ಕೊಡದಿದ್ದ ಆಟ, ಒಂದು ಅಪ್‌ಡೇಟ್ ಇಳಿದ ರಾತ್ರಿಯಿಂದ, ಹತ್ತು ವರ್ಷ ಹಳೆಯ ಗೊಂಬೆಯನ್ನು ಗುರುತಿಸಿ ಬಾಗಿಲು ತೆಗೆಯಬಹುದು. ಗೊಂಬೆ ನಿಮ್ಮ ಕಪಾಟಿನಲ್ಲಿ ಧೂಳು ತಿನ್ನುತ್ತಾ ಇದ್ದಲ್ಲೇ ಇರುತ್ತದೆ, ಅದರ ಬೆಲೆ ಮಾತ್ರ ಕ್ಯೋಟೊದಲ್ಲಿ ಕೂತವರ ಕೈಯಲ್ಲಿ.

ಇದನ್ನು ಅಪ್ಪನಿಗೆ ಒಮ್ಮೆ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ದೆಹಲಿಯಲ್ಲಿ ಆಮದು ಕಾಯ್ದೆ ಬದಲಾಯಿಸಿದ ಹಾಗೆ" ಅಂದರು. ಅಷ್ಟೇ, ಪೂರ್ತಿ ಅರ್ಥವಾಗಿತ್ತು.

ಶುರುವಿನ ದಿನಗಳಲ್ಲಿ ರೇಟು ಏರಿದ್ದು ಅಪ್‌ಡೇಟಿನಿಂದ ಏನಲ್ಲ, ಮಾಲು ಸಾಲದೆ. ಮೊದಲ ಕಂತಿನಲ್ಲಿ ಮಾರ್ತ್, ವಿಲೇಜರ್, ವೀ ಫಿಟ್ ಟ್ರೇನರ್ ಅಂತ ಮೂರು ಗೊಂಬೆಗಳು ಅಂಗಡಿಗೆ ಬಂದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ಜನ ಅವುಗಳ ಹಿಂದೆ ಹುಚ್ಚರ ಹಾಗೆ ಓಡಿದರು. ಆಮೇಲೆ ಕಂಪನಿ ಮತ್ತೆ ಅಚ್ಚು ಹಾಕಿತು, ಗಾಳಿ ಇಳಿಯಿತು. ಅದೇ ಕಾಲದಲ್ಲಿ ಫ್ಯಾಕ್ಟರಿಯ ತಪ್ಪಿನಿಂದ ಎರಡೂ ಕೈಗೆ ಫಿರಂಗಿ ಅಂಟಿಸಿಕೊಂಡು ಹೊರಬಂದ ಒಂದು ಸೇಮಸ್ ಗೊಂಬೆ ಹರಾಜಿನಲ್ಲಿ ಸಾವಿರಾರು ಡಾಲರಿಗೆ ಹೋಯಿತು. ಕೊಂಡವನು ಅದನ್ನು ಕಂಟ್ರೋಲರಿಗೆ ಮುಟ್ಟಿಸಿ ಆಡಿರಲಿಕ್ಕಿಲ್ಲ ಬಿಡಿ.

ಆಟದ ಒಳಗಿನ ಬದಲಾವಣೆ ಹೊರಗಿನ ಸಂತೆಯನ್ನು ಹೇಗೆ ಅಲ್ಲಾಡಿಸುತ್ತದೆ ಅಂತ ನಾನು ಕಣ್ಣಾರೆ ಕಂಡದ್ದು 2020ರಲ್ಲಿ, ಪ್ರಾಣಿಗಳ ಜೊತೆ ಒಂದು ದ್ವೀಪದಲ್ಲಿ ಊರು ಕಟ್ಟುವ ಅನಿಮಲ್ ಕ್ರಾಸಿಂಗ್ ಆಟದಲ್ಲಿ. ಅದರ ಹಿಂದಿನ ಕಥೆಯನ್ನೂ ಹೇಳಬೇಕು. 2015ರ ಕೊನೆಗೆ ಅದೇ ಹೆಸರಿನಲ್ಲಿ ಅಮೀಬೊ ಫೆಸ್ಟಿವಲ್ ಅಂತ ಒಂದು ಪಗಡೆಯಂಥ ಆಟ ಬಂತು. ಗೊಂಬೆ ಇಲ್ಲದೆ ಆಡುವಂತೆಯೇ ಇರಲಿಲ್ಲ. ಆಟ ಮಕಾಡೆ ಬಿತ್ತು, ಅದಕ್ಕಾಗಿ ಮಾಡಿದ ಗೊಂಬೆಗಳು ಅಂಗಡಿಯ ಮೂಲೆಯ ಬುಟ್ಟಿಗೆ ಬಿದ್ದವು. ನಾನು ಅಗ್ಗಕ್ಕೆ ಸಿಕ್ಕಿತು ಅಂತ ನಾಲ್ಕು ತಂದು ಮಗಳಿಗೆ ಕೊಟ್ಟೆ. ಆಗ ಅವಳಿಗೆ ಮೂರು ವರ್ಷ, ಹಲ್ಲು ಗಟ್ಟಿಯಾಗಿತ್ತು. ಟಾಮ್ ನೂಕ್ ಅನ್ನುವ ವ್ಯಾಪಾರಿಯ ಮೂಗನ್ನು ಕಚ್ಚಿ ಕಚ್ಚಿ ಸಪಾಟು ಮಾಡಿಟ್ಟಳು.

2020ರ ಮಾರ್ಚ್ 20ಕ್ಕೆ ಹೊಸ ಅನಿಮಲ್ ಕ್ರಾಸಿಂಗ್ ಬಂತು. ಲೋಕವೆಲ್ಲ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತ ಅದೇ ವಾರ. ನನಗೆ ತಕ್ಷಣ ಲೆಕ್ಕಾಚಾರ ಹುಟ್ಟಿತು: ಬುಟ್ಟಿಯ ಗೊಂಬೆಗಳಿಗೆ ಈಗ ಬಂಗಾರದ ಬೆಲೆ! ಮೂಗಿಲ್ಲದ ಟಾಮ್ ನೂಕನನ್ನು ಹುಡುಕಿ ತೆಗೆದು ಮುಟ್ಟಿಸಿದರೆ ಆಟ ಅವನನ್ನು ಗುರುತಿಸಿತು, ಚಿಪ್ ಇರುವುದು ಪೀಠದಲ್ಲಿ ತಾನೇ. ಆದರೆ ಸಿಕ್ಕಿದ್ದೇನು? ಹಾರ್ವ್ ಅನ್ನುವ ನಾಯಿಯ ದ್ವೀಪಕ್ಕೆ ಕರೆಸಿ ಅವನ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳಬಹುದು, ಗೋಡೆಗೆ ಹಾಕಲು ಒಂದು ಪೋಸ್ಟರ್ ಕೊಳ್ಳಬಹುದು. ಜಾತ್ರೆಯ ಫೋಟೋ ಸ್ಟುಡಿಯೋಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ನಿಜವಾದ ಆಟ ಇದ್ದದ್ದು ಕಾರ್ಡುಗಳಲ್ಲಿ. ಇಸ್ಪೀಟ್ ಎಲೆಯ ಹಾಗಿರುವ ಈ ಕಾರ್ಡುಗಳಲ್ಲೂ ಅದೇ ಚಿಪ್, ಮೊದಲ ನಾಲ್ಕು ಕಂತಿನಲ್ಲೇ 400 ಇದ್ದವು. ಗೊಂಬೆಗಳೆಲ್ಲ ಅಂಗಡಿಯವರು, ಮ್ಯೂಸಿಯಮ್ಮಿನವರು, ಆಫೀಸಿನವರು. ಕಾರ್ಡಿನಲ್ಲಿ ಊರಿನ ನಿವಾಸಿಗಳೂ ಇದ್ದಾರೆ. ಕಾರ್ಡು ತೋರಿಸಿ ಮೂರು ದಿನ ಕರೆದು ಉಪಚಾರ ಮಾಡಿದರೆ, ಆಮೇಲೆ ಅವರು ನಿಮ್ಮ ದ್ವೀಪದಲ್ಲೇ ಮನೆ ಮಾಡಿಕೊಳ್ಳುತ್ತಾರೆ. ಫೋಟೋಗೆ ನಿಲ್ಲುವ ನೆಂಟನಿಗೂ ಬಂದು ಉಳಿಯುವ ಬಾಡಿಗೆದಾರನಿಗೂ ವ್ಯತ್ಯಾಸ ಇಲ್ವಾ? ಹಾಗಾಗಿ ಹಳೇ ಕಾರ್ಡುಗಳ ರೇಟು ಏರಿದಾಗ ನಾನು ಟಾಮ್ ನೂಕನ ಸಪಾಟು ಮೂಗನ್ನು ಸವರುತ್ತಾ ಕೂತಿದ್ದೆ.

ಮಗಳಿಗೆ ಬೇಕಾಗಿದ್ದದ್ದು ರೇಮಂಡ್. ಕನ್ನಡಕ ಹಾಕಿಕೊಂಡು, ಕಣ್ಣು ಒಂದೊಂದು ಒಂದೊಂದು ಬಣ್ಣ, ಗುಮಾಸ್ತನ ಹಾಗೆ ವೇಸ್ಟ್‌ಕೋಟು ತೊಟ್ಟ ಒಂದು ಬೆಕ್ಕು. ಹೊಸ ಆಟದಲ್ಲೇ ಹುಟ್ಟಿದ ಕಾರಣ ಅವನ ಕಾರ್ಡು ಇರಲಿಲ್ಲ. ಅದೃಷ್ಟ ಇದ್ದರೆ ಬರುತ್ತಾನೆ, ಇಲ್ಲದಿದ್ದರೆ ಇಲ್ಲ. ಜನ ಆಟದೊಳಗಿನ ಟಿಕೆಟ್ಟುಗಳನ್ನು ರಾಶಿ ಹಾಕಿ ಅವನನ್ನು ಕೊಂಡರು, ಕೆಲವರು ನಿಜದ ಡಾಲರೂ ಕೊಟ್ಟರು. ಇಲ್ಲದ ಬೆಕ್ಕಿಗೆ ಇರುವ ದುಡ್ಡು. 2021ರ ನವೆಂಬರ್ 5ಕ್ಕೆ ಐದನೇ ಕಂತಿನ 48 ಕಾರ್ಡು ಬಂದವು, ಅದೇ ವಾರ 2.0 ಅಪ್‌ಡೇಟ್ ಕೂಡ. ಅದರಲ್ಲಿ ರೇಮಂಡ್ ಇದ್ದ. ಕಾರ್ಡು ಇದ್ದವರ ಮನೆಗೆಲ್ಲ ಬರತೊಡಗಿದ ಮೇಲೆ ಅವನಿಗೆ ಹಳೇ ಗತ್ತು ಉಳಿಯಲಿಲ್ಲ. ಮಗಳು ಆ ಹೊತ್ತಿಗೆ ಒಂದು ಅಳಿಲನ್ನು ಪ್ರೀತಿಸುತ್ತಿದ್ದಳು.

ನನಗೆ ಇನ್ನೂ ಹೊಟ್ಟೆ ಉರಿಯುವುದು ಸಾನ್ರಿಯೊ ಪ್ಯಾಕಿನ ವಿಷಯಕ್ಕೆ. ಹಲೋ ಕಿಟ್ಟಿ, ಮೈ ಮೆಲೊಡಿ ಬಳಗದ ಬರೀ ಆರು ಕಾರ್ಡು. 2016ರಲ್ಲಿ ಜಪಾನ್, ಯುರೋಪುಗಳಲ್ಲಿ ಬಂದದ್ದು ಅಮೆರಿಕಕ್ಕೆ ಬರಲೇ ಇಲ್ಲ. 2021ರ ಮಾರ್ಚಿನಲ್ಲಿ ಒಂದು ಅಪ್‌ಡೇಟ್ ಬಂದು, ಆ ಆರು ಮಂದಿ ಹೊಸ ದ್ವೀಪಕ್ಕೂ ಬರಬಹುದು, ಅವರ ಗುಲಾಬಿ ಬಣ್ಣದ ಮಂಚ ಕುರ್ಚಿಗಳನ್ನೂ ತರಿಸಬಹುದು ಅಂತಾಯಿತು. ಮಾರ್ಚ್ 26ಕ್ಕೆ ಇಲ್ಲಿಯ ಒಂದೇ ಒಂದು ಅಂಗಡಿ ಸರಣಿಯಲ್ಲಿ ಪ್ಯಾಕು ಮಾರಾಟಕ್ಕೆ, 5.99 ಡಾಲರಿಗೆ. ನಾನು ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು ಹೋದೆ. ನನ್ನ ಮುಂದೆ ಇದ್ದವರಲ್ಲಿ ಒಬ್ಬರ ಮುಖದಲ್ಲೂ ಅನಿಮಲ್ ಕ್ರಾಸಿಂಗ್ ಆಡುವ ಕಳೆ ಇರಲಿಲ್ಲ. ನನ್ನ ಸರದಿ ಬಂದಾಗ ಮಾಲು ಖಾಲಿ. ಮಧ್ಯಾಹ್ನದ ಊಟದ ಹೊತ್ತಿಗೆ ಅದೇ ಪ್ಯಾಕುಗಳು ಆನ್‌ಲೈನ್‌ನಲ್ಲಿ ಹಲವು ಪಟ್ಟು ರೇಟಿಗೆ ಕೂತಿದ್ದವು. ಆರು ಡಾಲರಿಗೆ ಸಿಗದ್ದನ್ನು ಆ ರೇಟಿಗೆ ಕೊಳ್ಳಲು ನನ್ನೊಳಗಿನ ಪುತ್ತೂರು ಒಪ್ಪಲಿಲ್ಲ.

ಇದರ ಮಧ್ಯೆ ನಕಲಿ ಕಾರ್ಡುಗಳ ಸಂತೆ ಬೇರೆ. ಆ 540 ಬೈಟನ್ನು ಖಾಲಿ ಚಿಪ್ಪಿಗೆ ಬರೆದು, ನಾಣ್ಯದಷ್ಟು ದೊಡ್ಡ ಬಿಲ್ಲೆ ಮಾಡಿ, ಪುಡಿಗಾಸಿಗೆ ಮಾರುತ್ತಾರೆ. ಆಟಕ್ಕೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಇದನ್ನು ಹೇಳಿದಾಗ ಅಪ್ಪ ಫೋನಿನಲ್ಲೇ ಎದ್ದು ಕೂತ ಹಾಗೆ ಆಯಿತು: "ಬರ್ಮಾ ಅಡಿಕೆ!" ಕದ್ದು ಗಡಿ ದಾಟಿ ಬರುವ ಅಗ್ಗದ ಮಾಲು. ಹೌದು, ಪಕ್ಕಾ ಅದೇ. ಆದರೆ ಒಂದು ವ್ಯತ್ಯಾಸ ಇದೆ. ನಕಲು ಬಂದು ಸಂತೆಯನ್ನು ಎರಡು ಭಾಗ ಮಾಡಿಬಿಟ್ಟಿತು. ಬರೀ ಕುದುರೆ ಬೇಕಾದವನು ಬಿಲ್ಲೆ ಕೊಳ್ಳುತ್ತಾನೆ. ಗೊಂಬೆಗೆ ಮೈಲುದ್ದ ರೇಟು ಕೊಡುವವನು ಡಬ್ಬಿಯನ್ನೇ ಒಡೆಯದವನು, ಅವನಿಗೆ ಕುದುರೆ ಬೇಡವೇ ಬೇಡ. ಆದರೂ ಅಪ್‌ಡೇಟಿನ ಸುದ್ದಿ ಬಂದ ದಿನ ಈ ಎರಡನೆಯವನೇ ಮೊದಲು ರೇಟು ಏರಿಸುವುದು. ತಾನು ತಿನ್ನದ ಊಟದ ಮೆನು ನೋಡಿ ಎಲೆಯ ಬೆಲೆ ಹೆಚ್ಚಿಸಿದ ಹಾಗೆ.

ಈಗ ತೋಳದ ವಿಷಯ. 2016ರ ಮಾರ್ಚಿನಲ್ಲಿ ಝೆಲ್ಡಾ ಸರಣಿಯ ಟ್ವೈಲೈಟ್ ಪ್ರಿನ್ಸೆಸ್ ಆಟ ಹೊಸ ರೂಪದಲ್ಲಿ ಬಂದಾಗ ಅದರ ಜೊತೆ ಬಂದ ಗೊಂಬೆ ಅದು, ತೋಳದ ಬೆನ್ನ ಮೇಲೆ ಒಂದು ಪುಟ್ಟ ಹುಡುಗಿ. ಮುಂದಿನ ವರ್ಷ ಬ್ರೆತ್ ಆಫ್ ದ ವೈಲ್ಡ್ ಬಂತು. ಅದರಲ್ಲಿ ಈ ಗೊಂಬೆಯನ್ನು ಮುಟ್ಟಿಸಿದರೆ ನಿಜವಾಗಿ ಒಂದು ತೋಳ ಬಂದು ನಿಮ್ಮ ಜೊತೆ ಓಡುತ್ತದೆ, ಬೇಟೆಯಾಡುತ್ತದೆ, ಶತ್ರುವಿನ ಮೇಲೆ ಹಾರುತ್ತದೆ. ಎಲ್ಲರಿಗೂ ತೋಳ ಬೇಕಾಯಿತು. ನನ್ನ ಡಬ್ಬಿ ಇನ್ನೂ ಒಡೆದಿರಲಿಲ್ಲ. ಗೆಳೆಯನೊಬ್ಬ ತನ್ನದನ್ನು ಮಾರಲು ಇಟ್ಟ. ಒಡೆದ ಡಬ್ಬಿ, ಬಾಲದ ತುದಿಗೆ ಗೀರು. ಅದನ್ನು ಕೊಳ್ಳಲು ಜನ ನನಗಿಂತ ಮೊದಲು ಅವನನ್ನೇ ಕೇಳಿದರು!

ಕಾರಣ ಆ ಚೂರು ನೆನಪು. ಹಳೇ ಆಟದಲ್ಲಿ ಈ ತೋಳಕ್ಕೆ ಅಂತಲೇ ಒಂದು ಗವಿ ಇತ್ತು. ಅಲ್ಲಿ ಒಂದಾದ ಮೇಲೊಂದು ಮಹಡಿ ಇಳಿದು ಸೆಣಸಿ, ಕೊನೆಗೆ ಉಳಿದ ಜೀವವನ್ನು ಗೊಂಬೆಯಲ್ಲಿ ಬರೆದಿಡಬಹುದಿತ್ತು. ಹಾಗೆ ಮಾಡಿದವನ ತೋಳ ಹೊಸ ಆಟಕ್ಕೆ 20 ಹೃದಯದ ತನಕ ಜೀವ ಇಟ್ಟುಕೊಂಡು ಬರುತ್ತದೆ. ಡಬ್ಬಿಯಲ್ಲಿ ಸುಖವಾಗಿ ಮಲಗಿದ್ದ ನನ್ನ ತೋಳಕ್ಕೆ ಮೂರೇ ಹೃದಯ. ಎರಡು ಏಟಿಗೆ ಮಾಯ. ಗೆಳೆಯ ಮಾರಿ, ಆ ದುಡ್ಡಿನಲ್ಲಿ ಬೇರೆ ಆಟ ಕೊಂಡ. ನಾನು ಕಾದೆ. ಇನ್ನೂ ಏರುತ್ತದೆ ಅಂತ ಅನ್ನಿಸುತ್ತಿತ್ತು, ಮೇಲಾಗಿ ಮಾರಿದ ಮರುದಿನವೇ ರೇಟು ಜಿಗಿಯುವುದನ್ನು ಚಿಕ್ಕಂದಿನಿಂದ ನೋಡಿ ಬೆಳೆದವನಿಗೆ ಕೊಡುವ ಕೈ ಸುಲಭಕ್ಕೆ ಮುಂದೆ ಬರುವುದಿಲ್ಲ.

2023ರ ಮೇ 12ಕ್ಕೆ ಅದರ ಮುಂದಿನ ಭಾಗ ಟಿಯರ್ಸ್ ಆಫ್ ದ ಕಿಂಗ್‌ಡಮ್ ಬಂತು. ಆ ಹೊತ್ತಿಗೆ ಮಗಳೇ ದೊಡ್ಡ ಆಟಗಾರ್ತಿ. ಶಾಲೆಯಿಂದ ಬಂದವಳು ಕಪಾಟು ನೋಡಿ ಕೇಳಿದಳು, "ಅಪ್ಪಾ, ಆ ತೋಳ ತೆಗೀಲಾ?" ನಾನು ಕೆಲಸದ ಮೀಟಿಂಗಿನಲ್ಲಿದ್ದೆ. ಮ್ಯೂಟ್ ಮಾಡಿಕೊಂಡು ಏನೋ ತಲೆಯಾಡಿಸಿದೆನಂತೆ. ಹೊರಗೆ ಬಂದು ನೋಡಿದರೆ ಏಳು ವರ್ಷ ಕಾಪಾಡಿದ ಡಬ್ಬಿಯ ಪ್ಲಾಸ್ಟಿಕ್ ನೆಲದ ಮೇಲೆ, ತೋಳ ಅವಳ ಕೈಯಲ್ಲಿ. ಪೀಠವನ್ನು ಮುಟ್ಟಿಸಿದಳು. ಇಬ್ಬರೂ ಟಿವಿ ಕಡೆ ನೋಡಿದೆವು. ತೋಳ ಬರಲಿಲ್ಲ. ಹೊಸ ಆಟದಲ್ಲಿ ಅದಕ್ಕೆ ಆ ಕೆಲಸವೇ ಇಲ್ಲ. ಆಕಾಶದಿಂದ ದೊಪ್ಪನೆ ಹಸಿ ಮಾಂಸದ ತುಂಡುಗಳು ಬಿದ್ದವು.

ಬೆಳ್ಳುಳ್ಳಿ ಕೂಡ ಹಬ್ಬದ ದಿನ ಹಾಕದ ಮನೆ ನಮ್ಮದು. ಮಗಳು ನಕ್ಕು ನಕ್ಕು ಸೋಫಾದಿಂದ ಬಿದ್ದಳು. ನಾನು ಡಬ್ಬಿಯನ್ನು ಟೇಪ್ ಹಾಕಿ ಮತ್ತೆ ಅಂಟಿಸಬಹುದಾ ಅಂತ ನೋಡುತ್ತಿದ್ದೆ.

ಹಾಗೆ ನೋಡಿದರೆ ನಮ್ಮ ಗೊಂಬೆಗಳು ಅದೃಷ್ಟವಂತರು, ಯಾರಾದರೂ ಇನ್ನೂ ಅವನ್ನು ಕೇಳುತ್ತಾರೆ. ಡಿಸ್ನಿಯವರು ಇನ್ಫಿನಿಟಿ ಅಂತ ಇದೇ ಥರದ ಗೊಂಬೆ ಆಟ 2013ರಲ್ಲಿ ಶುರು ಮಾಡಿ 2016ರಲ್ಲಿ ನಿಲ್ಲಿಸಿದರು. ಇನ್ನು ಹೊಸತೇನೂ ಬರುವುದಿಲ್ಲ ಅಂತ ಖಾತ್ರಿಯಾದ ಗೊಂಬೆಗಳನ್ನು ಗ್ಯಾರೇಜ್ ಸೇಲಿನಲ್ಲಿ ಚೀಲಗಟ್ಟಲೆ ನೋಡಿದ್ದೇನೆ. ಅಪ್‌ಡೇಟ್ ಬಾರದ ಗೊಂಬೆ ಬರೀ ಗೊಂಬೆ. ಚಿಕ್ಕ ಮಕ್ಕಳಿಗೆ ಅದರಿಂದೇನೂ ನಷ್ಟವಿಲ್ಲ, ಟಬ್ಬಿನ ನೀರಾಟಕ್ಕೆ ಅವು ಚೆನ್ನಾಗಿಯೇ ಆಗುತ್ತವೆ.

ಮೊನ್ನೆ ಮತ್ತೆ ಸುದ್ದಿ. ಅನಿಮಲ್ ಕ್ರಾಸಿಂಗ್‌ಗೆ 3.0 ಅಪ್‌ಡೇಟ್ ಅಂತ 2025ರ ಅಕ್ಟೋಬರ್ ಕೊನೆಗೆ ಹೇಳಿದರು, 2026ರ ಜನವರಿಯಲ್ಲಿ ಬಂತು. ದೊಡ್ಡ ಅಪ್‌ಡೇಟ್ ನಿಂತೇಹೋಯಿತು ಅಂದುಕೊಂಡು ನಾಲ್ಕು ವರ್ಷವಾಗಿತ್ತು. ಈಗ ಝೆಲ್ಡಾ ಗೊಂಬೆ, ಸ್ಪ್ಲಟೂನ್ ಗೊಂಬೆ ಮುಟ್ಟಿಸಿದರೆ ಆ ಆಟಗಳ ಸಾಮಾನುಗಳು ದ್ವೀಪಕ್ಕೆ ಬರುತ್ತವಂತೆ. ಸುದ್ದಿ ಬಂದದ್ದೇ ತಡ, ಮಾರುವವರೆಲ್ಲ ತಮ್ಮ ಹಳೇ ಸರಕಿನ ಹೆಸರಿನ ಮುಂದೆ 'ಅನಿಮಲ್ ಕ್ರಾಸಿಂಗ್' ಅಂತ ಸೇರಿಸಿ ರೇಟು ತಿದ್ದುತ್ತಾ ಕೂತರು. ನಾನೂ ಎದ್ದು ಹೋಗಿ ತೋಳದ ಧೂಳು ಒರೆಸಿದೆ. ಸುಮ್ನೆ.

ಆ ಭಾನುವಾರ ಅಪ್ಪನಿಗೆ ಇದನ್ನು ಹೇಳಿದೆ. ಮಳೆ, ರೇಟು ಎರಡೂ ಮುಗಿದಿದ್ದವು.

"ಒಡೆದದ್ದಕ್ಕೂ ರೇಟು ಉಂಟಾ?" ಅಂತ ಕೇಳಿದರು.

"ಉಂಟು, ಕಮ್ಮಿ."

"ಎಷ್ಟು?"

ಹೇಳಿದೆ. ಅವರು ರೂಪಾಯಿಗೆ ತಿರುಗಿಸಿ, ಅದನ್ನು ಅಡಿಕೆಯ ಕಿಲೋಗೆ ತಿರುಗಿಸುವಷ್ಟು ಹೊತ್ತು ಲೈನಿನಲ್ಲಿ ಜೀರುಂಡೆಯ ಸದ್ದು ಮಾತ್ರ ಕೇಳುತ್ತಿತ್ತು.

"ಇನ್ನೂ ಸ್ವಲ್ಪ ಕಾಯಿ" ಅಂದರು.