ಸದನದಲ್ಲೇ ಮನೆಯ ವಿಳಾಸ ಹೇಳಿದ ಪಾದ್ರಿ

ಪರಾರಿಯಾದ ಗುಲಾಮರಿಗೆ ಆಶ್ರಯ ಕೊಟ್ಟವರಿಗೆ ಸಾವಿರ ಡಾಲರ್‌ವರೆಗೆ ದಂಡ ಮತ್ತು ಆರು ತಿಂಗಳವರೆಗೆ ಸೆರೆವಾಸ ವಿಧಿಸುವ 1850ರ ಕಾನೂನು ಜಾರಿಯಲ್ಲಿದ್ದಾಗಲೇ, 1859ರ ಫೆಬ್ರವರಿಯಲ್ಲಿ, ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರೊಬ್ಬರು ಎದ್ದು ನಿಂತು ತಮ್ಮ ಮನೆಯ ವಿಳಾಸವನ್ನೇ ಹೇಳಿದರು. ಓವನ್ ಲವ್‌ಜಾಯ್ ಇಲಿನಾಯ್ಸ್‌ನ ಪ್ರಿನ್ಸ್‌ಟನ್ನಿನಲ್ಲಿ, ಊರಿಗೆ ಮುಕ್ಕಾಲು ಮೈಲಿ ಪೂರ್ವಕ್ಕೆ ವಾಸವಾಗಿದ್ದಾನೆ, ತನ್ನ ಬಾಗಿಲಿಗೆ ಬಂದು ನೆರವು ಬೇಡಿದ ಪ್ರತಿಯೊಬ್ಬ ಪರಾರಿಗೂ ನೆರವಾಗುತ್ತಾನೆ ಎಂಬುದು ಆ ಮಾತಿನ ಸಾರ. ಧರ್ಮಪೀಠದಲ್ಲಿದ್ದವರು ರಾಜಕೀಯಕ್ಕೆ ಇಳಿಯಬಾರದೆಂಬ ವಾದವನ್ನು ಕೇಳಿದಾಗಲೆಲ್ಲ ನನಗೆ ಈ ಪಾದ್ರಿಯೇ ನೆನಪಾಗುತ್ತಾರೆ.

ಲವ್‌ಜಾಯ್ ಹುಟ್ಟಿದ್ದು 1811ರಲ್ಲಿ, ಇಂದಿನ ಮೇನ್ ರಾಜ್ಯದಲ್ಲಿ. ಅವರ ಅಣ್ಣ ಎಲೈಜಾ ಕೂಡ ಪಾದ್ರಿ. ಇಲಿನಾಯ್ಸ್‌ನ ಆಲ್ಟನ್ ಪಟ್ಟಣದಲ್ಲಿ ಗುಲಾಮಗಿರಿಯ ವಿರುದ್ಧ ಪತ್ರಿಕೆ ನಡೆಸುತ್ತಿದ್ದವರು. ಅವರ ಮೂರು ಮುದ್ರಣಯಂತ್ರಗಳನ್ನು ಗುಂಪುಗಳು ಒಂದಾದ ಮೇಲೊಂದರಂತೆ ನಾಶಮಾಡಿದ್ದವು. 1837ರ ನವೆಂಬರ್ 7ರ ರಾತ್ರಿ ನಾಲ್ಕನೆಯ ಯಂತ್ರವನ್ನು ಕಾಯುತ್ತಿದ್ದಾಗ ಎಲೈಜಾ ಗುಂಡಿಗೆ ಬಲಿಯಾದರು. ಅಣ್ಣನ ರಕ್ತದಿಂದ ತೊಯ್ದ ಈ ಧ್ಯೇಯವನ್ನು ಎಂದಿಗೂ ಕೈಬಿಡುವುದಿಲ್ಲವೆಂದು ಓವನ್ ಆಗ ಶಪಥ ಮಾಡಿದರು. ಮುಂದೆ ಹದಿನೇಳು ವರ್ಷ ಪ್ರಿನ್ಸ್‌ಟನ್ನಿನ ಚರ್ಚಿನಲ್ಲಿ ಬೋಧಿಸುತ್ತ, ಉತ್ತರಕ್ಕೆ ಹೊರಟ ಪರಾರಿಗಳಿಗೆ ಮನೆಯಲ್ಲಿ ಆಶ್ರಯ ಕೊಟ್ಟರು. ಇಬ್ಬರು ಹೆಂಗಸರಿಗೆ ಆಶ್ರಯ ಕೊಟ್ಟ ಆರೋಪದ ಮೇಲೆ 1843ರಲ್ಲಿ ಮೊಕದ್ದಮೆ ಎದುರಿಸಿ ನಿರ್ದೋಷಿಯೆನಿಸಿಕೊಂಡರು.

1854ರಲ್ಲಿ ರಾಜ್ಯದ ಶಾಸನಸಭೆಗೂ 1856ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೂ ಆಯ್ಕೆಯಾದರು. ಅವರು ವೃತ್ತಿ ಬದಲಿಸಿದರೆಂದು ನನಗೆ ಅನ್ನಿಸುವುದಿಲ್ಲ. ಪ್ರಾರ್ಥನಾಮಂದಿರದಲ್ಲಿ ಹೇಳುತ್ತಿದ್ದುದನ್ನೇ, ಕೇಳಲೊಲ್ಲದವರ ಎದುರಿಗೂ ಹೇಳತೊಡಗಿದರು. 1860ರ ಏಪ್ರಿಲ್ 5ರಂದು ಅವರು ಗುಲಾಮಗಿರಿಯನ್ನು ಖಂಡಿಸುತ್ತ ಎದುರು ಪಕ್ಷದ ಆಸನಗಳತ್ತ ನಡೆದಾಗ ಗುಲಾಮಗಿರಿ ಜಾರಿಯಲ್ಲಿದ್ದ ದಕ್ಷಿಣದ ರಾಜ್ಯಗಳ ಸದಸ್ಯರು ಕೆರಳಿ ಸುತ್ತುವರಿದರು. ಆದರೂ ಅವರು ಭಾಷಣ ನಿಲ್ಲಿಸಲಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಮಾತ್ರ ಲಿಂಕನ್ ಅವರೊಂದಿಗಿನ ಸಂಬಂಧ. 1856ರಲ್ಲಿ ಲಿಂಕನ್ನರ ಆಪ್ತರೊಬ್ಬರನ್ನು ಹಿಂದಿಕ್ಕಿ ಲವ್‌ಜಾಯ್ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾದ ಸುದ್ದಿ ಕೇಳಿ ಕಣ್ಣಿಗೆ ಕತ್ತಲೆ ಕವಿದಂತಾಯಿತೆಂದು ಲಿಂಕನ್ ಗೆಳೆಯರೊಬ್ಬರಿಗೆ ಬರೆದಿದ್ದರು. ಬಹಳ ಯೋಚಿಸಿದ ಮೇಲೆ, ಅದು ಹಾಗೆಯೇ ಇರಲಿ ಎಂದೂ ಅದೇ ಪತ್ರದಲ್ಲಿ ಒಪ್ಪಿಕೊಂಡಿದ್ದರು. ಮುಂದೆ ಅಧ್ಯಕ್ಷರಾದ ಲಿಂಕನ್ ವಿಮೋಚನೆಯ ವಿಷಯದಲ್ಲಿ ನಿಧಾನಿಸುತ್ತಿದ್ದಾರೆಂದು ಉಗ್ರ ಸುಧಾರಕರು ಹರಿಹಾಯ್ದಾಗ, ಆ ಬಣದವರೇ ಆದ ಲವ್‌ಜಾಯ್ ಅಧ್ಯಕ್ಷರ ಮೇಲಿನ ನಂಬಿಕೆಯನ್ನು ಬಿಡಲಿಲ್ಲ. ಇದನ್ನು ರಾಜಿಯೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಗುರಿಯನ್ನು ಒಂದಿಷ್ಟೂ ತಗ್ಗಿಸದೆ, ನಿಧಾನವಾಗಿ ಬರುವವನನ್ನೂ ಜೊತೆಗೆ ಕರೆದೊಯ್ಯುವ ತಾಳ್ಮೆ ಅದು. ಅಣ್ಣನನ್ನು ಹಾಗೆ ಕಳೆದುಕೊಂಡವರಲ್ಲಿ ಅದು ಉಳಿದಿತ್ತೆಂಬುದು ನನಗೆ ಇಂದಿಗೂ ಬೆರಗು.

1864ರ ಮಾರ್ಚ್ 25ರಂದು ಲವ್‌ಜಾಯ್ ತೀರಿಕೊಂಡರು. ಗುಲಾಮಗಿರಿಯನ್ನು ಕೊನೆಗಾಣಿಸುವ, ಸಂವಿಧಾನದ ಹದಿಮೂರನೆಯ ತಿದ್ದುಪಡಿಗೆ ಅವರದೇ ಸದನ ಒಪ್ಪಿಗೆ ಕೊಟ್ಟದ್ದು ಮರುವರ್ಷದ ಜನವರಿಯಲ್ಲಿ. ಅವರ ಸ್ಮಾರಕದ ವಿಚಾರವಾಗಿ ಬರೆದ ಪತ್ರದಲ್ಲಿ ಲಿಂಕನ್, ಅವರನ್ನು ತಮ್ಮ ಅತ್ಯಂತ ಉದಾರ ಸ್ನೇಹಿತರೆಂದು ಕರೆದರೆ ಬೇರೆ ಯಾರಿಗೂ ಅನ್ಯಾಯವಾಗಲಾರದು ಎಂದರು. ಸದನದಲ್ಲಿ ವಿಳಾಸ ಹೇಳಿದ ಆ ಮನೆ ಪ್ರಿನ್ಸ್‌ಟನ್ನಿನಲ್ಲಿ ಇಂದಿಗೂ ಇದೆ, ವಸ್ತುಸಂಗ್ರಹಾಲಯವಾಗಿ.